ಅಕ್ಕೋರ ಊಟದ ವಹಿ: ಹೊಟ್ಟೆಯೊಳಗಿನ ಚೀಲಕ್ಕೆ ಯಾವುದು ಹಿಡಿಸೀತು?

ಮಕ್ಕಳೇ, ಚೌತಿ ಹಬ್ಬ ಮುಗಿದ ಮೇಲೆ ನಮ್ಮ ಶಾಲೆಯಲ್ಲಿ ಒಂದು ರೂಢಿ ಇದೆ. ಎಲ್ಲರೂ ಮನೆಯಿಂದ ಡಬ್ಬಿ ತರುತ್ತಾರೆ, ಕೂಡಿ ಉಣ್ಣುತ್ತೇವೆ. ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದವರ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಡಬು ಒಂದು ಕಡೆ. ಪಕ್ಕದ ಕೊಂಕಣಿ ಮನೆಗಳು ಕೊಟ್ಟು ಕಳಿಸಿದ ನೇವರಿ, ಪಾತೋಳಿ, ಖತಖತೆ ಇನ್ನೊಂದು ಕಡೆ. ಗೋವಾದ ಕನ್ನಡ ಶಾಲೆಯ ಪಂಕ್ತಿ ಅಂದರೆ ಎರಡು ರಾಜ್ಯಗಳ ಅಡುಗೆಮನೆ ಒಂದೇ ಕಡೆ ಬಂದಂತೆ.

ಆ ದಿನ ನಿವೃತ್ತರಾದ ನಮ್ಮ ಹಳೆಯ ಅಕ್ಕೋರು ಬಂದಿದ್ದರು. ಏಳನೇ ತರಗತಿಯ ಹುಡುಗಿಯೊಬ್ಬಳು ಪ್ರೀತಿಯಿಂದ ಒಂದು ಬಟ್ಟಲು ಖತಖತೆ ತಂದು ಅವರ ಮುಂದಿಟ್ಟಳು. ಅಕ್ಕೋರು ಬಟ್ಟಲನ್ನು ನೋಡಿ ನಕ್ಕರು, ಮುಟ್ಟಲಿಲ್ಲ.

"ಯಾಕ್ರೀ ಅಕ್ಕೋರೆ, ನಮ್ಮ ಮನಿ ಊಟ ಬ್ಯಾಡೇನ್ರೀ?" ಅಂದಳು ಹುಡುಗಿ. ಮುಖ ಸಣ್ಣದಾಗಿತ್ತು.

"ಬ್ಯಾಡ ಅಂತಲ್ಲವಾ. ಇದರಾಗ ಗೋವಿನಜೋಳ ಐತಿ, ನುಗ್ಗಿಕಾಯಿ ಐತಿ, ಕೊಬ್ಬರಿ ಐತಿ. ನನ್ನ ಹೊಟ್ಟಿಯೊಳಗ ಒಂದು ಚೀಲ ಐತಿ. ಅದಕ್ಕ ಈ ಮೂರೂ ಆಗಂಗಿಲ್ಲ."

ಹಿಂದೆ ಕೂತ ಹುಡುಗರು ಕಿಸಕ್ಕನೆ ನಕ್ಕರು. ಹೊಟ್ಟೆಯೊಳಗೆ ಚೀಲವೇ! ಅಕ್ಕೋರು ಸಿಟ್ಟಾಗಲಿಲ್ಲ. "ನಗ್ರಿ, ನಗ್ರಿ. ಆದ್ರ ನಕ್ಕ ಮ್ಯಾಲೆ ಕೇಳ್ರಿ" ಅಂದರು. ಮುಂದಿನ ಒಂದು ಗಂಟೆ ಅವರು ಹೇಳಿದ್ದನ್ನು, ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. "ಹೆಸರು ಹಾಕಬ್ಯಾಡ್ರಿ ಸರ, ಸಂಗತಿ ಅಷ್ಟ ಬರೀರಿ" ಎಂದಿದ್ದಾರೆ. ಹಾಗೇ ಮಾಡಿದ್ದೇನೆ.

ಕರುಳಿನ ಲೆಕ್ಕ

ಮೊದಲು ನಿಮ್ಮ ಪಾಠವನ್ನು ನೆನಪಿಸಿಕೊಳ್ಳಿ. ನಾವು ಉಂಡ ಅನ್ನ ಜಠರದಿಂದ ಸಣ್ಣಕರುಳಿಗೆ ಹೋಗುತ್ತದೆ. ಅದರ ಉದ್ದ ಸುಮಾರು 6 ಮೀಟರು. ಅಲ್ಲಿಂದ ಸುಮಾರು ಒಂದೂವರೆ ಮೀಟರು ಉದ್ದದ ದೊಡ್ಡಕರುಳಿಗೆ ಹೋಗುತ್ತದೆ. ಪೋಷಕಾಂಶಗಳನ್ನು ಹೀರಿಕೊಳ್ಳುವ ಕೆಲಸ ಬಹುಪಾಲು ಸಣ್ಣಕರುಳಿನದು. ಹಾಗಾದರೆ ದೊಡ್ಡಕರುಳು ಏನು ಮಾಡುತ್ತದೆ?

ನೀರಿನ ಲೆಕ್ಕ ನೋಡಿ. ನಾವು ಕುಡಿದ ನೀರು, ಉಂಡ ಸಾರು, ಜೊತೆಗೆ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ ಎಲ್ಲಾ ಸೇರಿ ದಿನಕ್ಕೆ ಸುಮಾರು 8ರಿಂದ 9 ಲೀಟರು ದ್ರವ ಕರುಳಿಗೆ ಇಳಿಯುತ್ತದೆ. ಸಣ್ಣಕರುಳು ಅದರಲ್ಲಿ ಹೆಚ್ಚಿನದನ್ನು ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮುಂದಕ್ಕೆ ಬಿಡುತ್ತದೆ. ದೊಡ್ಡಕರುಳು ಅದರಿಂದಲೂ ನೀರು ಮತ್ತು ಉಪ್ಪನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಮಲದಲ್ಲಿ ಹೊರಹೋಗುವ ನೀರು 100ರಿಂದ 150 ಮಿಲಿಲೀಟರು ಅಷ್ಟೇ. ಅಂದರೆ ದೊಡ್ಡಕರುಳು ನಮ್ಮ ದೇಹದ ಉಳಿತಾಯ ಖಾತೆ ಇದ್ದ ಹಾಗೆ. ಕೈಬಿಟ್ಟು ಹೋಗುವ ನೀರನ್ನೂ ಉಪ್ಪನ್ನೂ ಅದು ವಾಪಸ್ ತರುತ್ತದೆ.

ಅಕ್ಕೋರಿಗೆ ಬಂದದ್ದು ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ. ದೊಡ್ಡಕರುಳಿನ ಒಳಪದರದಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ. ಇದು ಅಂಟುರೋಗವಲ್ಲ. ಅನೇಕರಿಗೆ ಔಷಧಿಯಲ್ಲೇ ಹತೋಟಿಗೆ ಬರುತ್ತದೆ. ಕೆಲವರಿಗೆ ಬರುವುದಿಲ್ಲ. ಆಗ ದೊಡ್ಡಕರುಳನ್ನೇ ತೆಗೆಯಬೇಕಾಗುತ್ತದೆ. ಯಜಮಾನರ ಕೆಲಸದ ನಿಮಿತ್ತ ಇಂಗ್ಲೆಂಡಿನಲ್ಲಿದ್ದಾಗ ಅಕ್ಕೋರಿಗೆ ಆದದ್ದು ಇದೇ.

ಗೊಥೆನ್‌ಬರ್ಗಿನ ಡಾಕ್ಟರ ಉಪಾಯ

ದೊಡ್ಡಕರುಳು ಹೋದ ಮೇಲೆ ಮಲ ಹೊರಬರುವುದು ಎಲ್ಲಿಂದ? ಹಳೆಯ ವಿಧಾನ ಹೀಗಿದೆ: ಸಣ್ಣಕರುಳಿನ ಕೊನೆಯನ್ನು ಹೊಟ್ಟೆಯ ಮೇಲೆ ಒಂದು ಸಣ್ಣ ರಂಧ್ರದ ಮೂಲಕ ಹೊರಕ್ಕೆ ತರುತ್ತಾರೆ. ಇದಕ್ಕೆ ಇಲಿಯೊಸ್ಟಮಿ ಎನ್ನುತ್ತಾರೆ, ರಂಧ್ರಕ್ಕೆ ಸ್ಟೋಮಾ ಎಂಬ ಹೆಸರು. ಅದರ ಮೇಲೆ ಒಂದು ಚೀಲ ಅಂಟಿಸಿಕೊಳ್ಳಬೇಕು. ಲಕ್ಷಾಂತರ ಜನ ಈ ಚೀಲದೊಂದಿಗೆ ಕೆಲಸ ಮಾಡುತ್ತಾರೆ, ಆಡುತ್ತಾರೆ, ಸಂಸಾರ ನಡೆಸುತ್ತಾರೆ. ಅದರಲ್ಲಿ ಕಡಿಮೆಯೇನೂ ಇಲ್ಲ. ಆದರೆ ನಮ್ಮ ಕರಾವಳಿಯ ಮೇ ತಿಂಗಳ ಬೆವರಿನಲ್ಲಿ ಅಂಟು ಬಿಡುವುದು, ಚರ್ಮ ಕೆಂಪಾಗುವುದು ಕೆಲವರಿಗೆ ತೊಂದರೆ ಕೊಡುತ್ತದೆ.

ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದಲ್ಲಿ ನಿಲ್ಸ್ ಕಾಕ್ ಎಂಬ ಶಸ್ತ್ರವೈದ್ಯರಿದ್ದರು. ಚೀಲವನ್ನು ಹೊರಗೇ ಯಾಕೆ ಇಡಬೇಕು, ಒಳಗೇ ಇಟ್ಟರೇನು ಎಂದು ಅವರು ಯೋಚಿಸಿದರು. ಸಣ್ಣಕರುಳಿನ ಕೊನೆಯ ಸುಮಾರು 45 ಸೆಂಟಿಮೀಟರು ಭಾಗವನ್ನು ಮಡಚಿ ಹೊಲಿದು ಹೊಟ್ಟೆಯೊಳಗೇ ಒಂದು ಚೀಲ ಮಾಡಿದರು. 1969ರಲ್ಲಿ ಇದರ ವರದಿ ಪ್ರಕಟವಾಯಿತು. ಆದರೆ ಮೊದಮೊದಲು ಒಂದು ತೊಡಕಿತ್ತು. ಚೀಲ ಸೋರುತ್ತಿತ್ತು.

1970ರ ದಶಕದ ಮೊದಲ ವರ್ಷಗಳಲ್ಲಿ ಕಾಕ್ ಅದಕ್ಕೂ ದಾರಿ ಕಂಡರು. ಅಂಗಿಯ ತೋಳಿನ ತುದಿಯನ್ನು ಒಳಕ್ಕೆ ತುರುಕಿದರೆ ಹೇಗಿರುತ್ತದೆ? ಹಾಗೆಯೇ ಕರುಳಿನ ತುದಿಯ ಒಂದು ತುಂಡನ್ನು ಚೀಲದೊಳಕ್ಕೆ ಮಡಚಿ ಒಂದು ಕವಾಟ ಮಾಡಿದರು. ಚೀಲ ತುಂಬಿದಂತೆ ಒಳಗಿನ ಒತ್ತಡ ಈ ಕವಾಟವನ್ನು ಸುತ್ತಲಿಂದ ಒತ್ತುತ್ತದೆ. ತುಂಬಿದಷ್ಟೂ ಬಾಯಿ ಬಿಗಿ! ಒತ್ತಡದ ಪಾಠ ಓದುವಾಗ ಈ ಉದಾಹರಣೆಯನ್ನು ಮರೆಯಬೇಡಿ.

ಹಾಗಾದರೆ ಖಾಲಿ ಮಾಡುವುದು ಹೇಗೆ? ದಿನಕ್ಕೆ ಮೂರು ನಾಲ್ಕು ಸಲ ಸ್ಟೋಮಾದ ಮೂಲಕ ಒಂದು ಮೆತ್ತನೆಯ ನಳಿಕೆ ಹಾಕಿ, ಅದರ ಇನ್ನೊಂದು ತುದಿಯನ್ನು ಕೆಳಗೆ ಬಿಟ್ಟರೆ ಗುರುತ್ವದಿಂದ ಎಲ್ಲಾ ಹರಿದುಹೋಗುತ್ತದೆ. ಮಿಕ್ಕ ಹೊತ್ತು ಸ್ಟೋಮಾದ ಮೇಲೆ ಒಂದು ಸಣ್ಣ ಬಟ್ಟೆಯ ಪಟ್ಟಿ ಸಾಕು. ಹೊಸದರಲ್ಲಿ ಚೀಲದಲ್ಲಿ ಸ್ವಲ್ಪವೇ ಹಿಡಿಸುತ್ತದೆ. ತಿಂಗಳುಗಳು ಕಳೆದಂತೆ ಹಿಗ್ಗಿ ಅರ್ಧ ಲೀಟರಿಗೂ ಮಿಕ್ಕಿ ಹಿಡಿಯುತ್ತದೆ.

ಇಂದು ಈ ಕಾಕ್ ಚೀಲ ಅಪರೂಪ. 1978ರಲ್ಲಿ ಬ್ರಿಟನ್ನಿನ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್ ಒಳಚೀಲವನ್ನು ನೇರವಾಗಿ ಗುದದ್ವಾರಕ್ಕೇ ಜೋಡಿಸುವ ವಿಧಾನ ಪ್ರಕಟಿಸಿದರು. ಈಗ ಹೆಚ್ಚಿನವರಿಗೆ ಅದನ್ನೇ ಮಾಡುತ್ತಾರೆ. ಅದು ಹೊಂದದವರಿಗೆ, ಹೊರಚೀಲ ಒಲ್ಲದವರಿಗೆ ಕಾಕ್ ಚೀಲ ಇಂದಿಗೂ ಒಂದು ದಾರಿ.

10 ಮಿಲಿಮೀಟರಿನ ಪ್ರಶ್ನೆ

ಈಗ ಖತಖತೆಗೆ ಬರೋಣ. ವೈದ್ಯಕೀಯ ನಳಿಕೆಗಳ ದಪ್ಪವನ್ನು 'ಫ್ರೆಂಚ್' ಎಂಬ ಅಳತೆಯಲ್ಲಿ ಹೇಳುತ್ತಾರೆ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಉಪಕರಣ ಮಾಡುತ್ತಿದ್ದ ಶಾರಿಯೇರ್ ಎಂಬವರು ತಂದ ಅಳತೆ ಇದು. 3 ಫ್ರೆಂಚ್ ಅಂದರೆ 1 ಮಿಲಿಮೀಟರು. ಅಕ್ಕೋರ ನಳಿಕೆ 30 ಫ್ರೆಂಚ್. ಹಾಗಾದರೆ ಹೊರವ್ಯಾಸ ಎಷ್ಟು? 30ನ್ನು 3ರಿಂದ ಭಾಗಿಸಿ: 10 ಮಿಲಿಮೀಟರು. ಒಳಗಿನ ರಂಧ್ರ ಅದಕ್ಕಿಂತಲೂ ಸಣ್ಣದು. ಈಗ ಒಂದು ಗೋವಿನಜೋಳದ ಕಾಳನ್ನು ಸ್ಕೇಲಿನ ಮೇಲಿಟ್ಟು ಅಳೆಯಿರಿ. ಸಮಸ್ಯೆ ನಿಮಗೇ ತಿಳಿಯುತ್ತದೆ.

"ಕಾಳು ಹೊಟ್ಟೆಯಲ್ಲಿ ಕರಗುವುದಿಲ್ಲವೇ?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಕಾಳಿನೊಳಗಿನ ಪಿಷ್ಟ ಕರಗುತ್ತದೆ. ಆದರೆ ಮೇಲಿನ ಸಿಪ್ಪೆಯಲ್ಲಿರುವುದು ಹೆಚ್ಚಾಗಿ ಸೆಲ್ಯುಲೋಸ್‌ನಂಥ ನಾರು. ಪಿಷ್ಟವೂ ಸೆಲ್ಯುಲೋಸೂ ಎರಡೂ ಗ್ಲೂಕೋಸಿನ ಸರಪಳಿಗಳೇ. ಕೊಂಡಿ ಬೆಸೆದ ರೀತಿ ಮಾತ್ರ ಬೇರೆ. ಸೆಲ್ಯುಲೋಸಿನ ಕೊಂಡಿಯನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ. ಆಕಳಿಗೆ ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಅಣಬೆಯ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ. ಅದೂ ನಮಗೆ ಸುಲಭವಾಗಿ ಜೀರ್ಣವಾಗುವುದಲ್ಲ.

ನಮಗೆ ನಿಮಗೆ ನಾರು ಒಳ್ಳೆಯದೇ. ಅಗಲವಾದ ದೊಡ್ಡಕರುಳಿನಲ್ಲಿ ಅದು ಸರಾಗವಾಗಿ ಸಾಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಆಗುತ್ತದೆ. ಅದಕ್ಕೇ ಸೊಪ್ಪು ತಿನ್ನಿ, ಕಾಳು ತಿನ್ನಿ ಎಂದು ನಿಮಗೆ ಹೇಳುವುದು. ಅದೇ ನಾರು 10 ಮಿಲಿಮೀಟರಿನ ನಳಿಕೆಯ ಮುಂದೆ ಬಂದಾಗ ಮೋರಿಗೆ ಕಸ ಸಿಕ್ಕಿಕೊಂಡಂತೆ. ಒಬ್ಬರ ಒಳ್ಳೆಯ ಆಹಾರ ಇನ್ನೊಬ್ಬರಿಗೆ ತೊಂದರೆಯ ಆಹಾರ ಆಗುವುದು ಹೀಗೆ.

ಮಾಡಿ ನೋಡಿ

ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ನಿಮ್ಮಲ್ಲಿ ಹಲವರ ಮನೆಯಲ್ಲಿ ಇರುತ್ತದೆ. ಅದರ ಒಂದು ಗೇಣು ತುಂಡು ತನ್ನಿ. ಒಂದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಅಷ್ಟೇ ಅಗಲದ ತೂತು ಮಾಡಿ ಪೈಪು ಕೂರಿಸಿ (ತೂತು ಮಾಡುವ ಕೆಲಸ ಶಿಕ್ಷಕರಿಗೆ ಬಿಡಿ). ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ಹಿಡಿಯಿರಿ. ಪೈಪನ್ನು ಬೆರಳಿನಿಂದ ಮುಚ್ಚಿ, ಒಂದು ಲೋಟ ಪದಾರ್ಥ ಹಾಕಿ, ಬೆರಳು ತೆಗೆದು ಗಡಿಯಾರ ನೋಡಿ. ಒಂದೊಂದಾಗಿ ಹಾಕಬೇಕಾದದ್ದು:

1. ತೆಳುವಾದ ಅನ್ನದ ಗಂಜಿ
2. ಗಂಜಿ ಮತ್ತು ತುರಿದ ಕೊಬ್ಬರಿ
3. ಗಂಜಿ ಮತ್ತು ಬೇಯಿಸಿದ ಗೋವಿನಜೋಳದ ಕಾಳು
4. ಸೋಸಿದ ತೆಂಗಿನ ಹಾಲು

ನಮ್ಮ ಎಂಟನೇ ತರಗತಿಯವರು ಮಾಡಿದಾಗ ಮೊದಲನೆಯದೂ ನಾಲ್ಕನೆಯದೂ ಸುಲಭವಾಗಿ ಇಳಿದವು. ಎರಡನೆಯದು ತಡೆದು ತಡೆದು ಇಳಿಯಿತು. ಮೂರನೆಯದು ನಿಂತೇ ಹೋಯಿತು. ಆಮೇಲೆ ಕಾಳನ್ನು ಒರಳಿನಲ್ಲಿ ನುಣ್ಣಗೆ ಜಜ್ಜಿ, ಇನ್ನೊಂದು ಲೋಟ ನೀರು ಬೆರೆಸಿದರು. ಆಗ ಅದೂ ಇಳಿಯಿತು. ಹಲ್ಲು ಮತ್ತು ನೀರು, ಈ ಎರಡರ ಬೆಲೆ ಏನು ಎಂದು ಬೇರೆ ಹೇಳಬೇಕಾಗಲಿಲ್ಲ.

ಆ ಒಂದು ರಾತ್ರಿ

ಅಕ್ಕೋರು ಇಂಗ್ಲೆಂಡಿನಿಂದ ಗೋವಾಕ್ಕೆ ಮರಳಿದ ಮೊದಲ ವರ್ಷ ಚೀಲದ ವಿಷಯ ಯಾರಿಗೂ ಹೇಳಿರಲಿಲ್ಲ. "ನಾಚಿಕಿ. ಮಂದಿ ಏನಂತಾರ ಅಂತ" ಎಂದರು. ಚೌತಿಗೆ ಪಕ್ಕದ ಮನೆಯವರು ಊಟಕ್ಕೆ ಕರೆದರು. ಬೇಡ ಅಂದರೆ ಬೇಜಾರಾದೀತು ಎಂದು ಖತಖತೆ ಉಂಡರು, ಎರಡು ನೇವರಿಯನ್ನೂ ತಿಂದರು. ರಾತ್ರಿ ನಳಿಕೆ ಹಾಕಿದರೆ ಏನೂ ಬರಲಿಲ್ಲ. ಹೊಟ್ಟೆ ಕಲ್ಲಿನಂತಾಯಿತು, ಹಿಡಿದು ಹಿಡಿದು ನೋವು, ವಾಂತಿ. ನಡುರಾತ್ರಿ ಬಾಡಿಗೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿ ನಳಿಕೆಯಿಂದ ನೀರು ಬಿಟ್ಟು, ತೆಗೆದು, ಮತ್ತೆ ಬಿಟ್ಟು, ಬೆಳಗಾಗುವ ಹೊತ್ತಿಗೆ ಸಿಕ್ಕಿಕೊಂಡದ್ದು ಹೊರಬಂತು. ಕೊಬ್ಬರಿ ಚೂರು, ನುಗ್ಗೆಯ ನಾರು, ಗೋವಿನಜೋಳದ ಸಿಪ್ಪೆ.

"ಆವತ್ತು ನನ್ನನ್ನ ಕೆಡವಿದ್ದು ಕೊಬ್ಬರಿ ಅಲ್ಲ. ನಾ ಬಾಯಿ ಮುಚ್ಚಿಕೊಂಡದ್ದು" ಎಂದರು ಅಕ್ಕೋರು.

ಮರುದಿನ ಪಕ್ಕದ ಮನೆಯ ಬಾಯಿಗೆ ಎಲ್ಲಾ ಹೇಳಿದರಂತೆ. ಆಕೆ ಅತ್ತುಬಿಟ್ಟಳು. ಮರುವರ್ಷ ಚೌತಿಗೆ ಅಕ್ಕೋರಿಗಾಗಿ ಬೇರೆಯೇ ಒಂದು ಸಣ್ಣ ಪಾತ್ರೆ ಒಲೆಯ ಮೇಲಿತ್ತು: ಸಿಪ್ಪೆ ತೆಗೆದ ಕುಂಬಳ, ಬಟಾಟೆ, ಮೆತ್ತಗೆ ಬೆಂದ ಗಜ್ಜರಿ, ಕೊಬ್ಬರಿ ರುಬ್ಬಿ ಸೋಸಿದ ಹಾಲು. "ಅದೂ ಖತಖತೆನ. ರುಚಿ ಏನ್ ಕಡಿಮಿ ಇರಲಿಲ್ಲ."

ವಹಿಯಲ್ಲಿ ಏನಿದೆ?

ಆ ರಾತ್ರಿಯ ನಂತರ ಅಕ್ಕೋರು ಒಂದು ವಹಿ ಇಟ್ಟರು. ತಾರೀಕು, ತಿಂದದ್ದು, ಎಷ್ಟು, ಹೇಗೆ ಬೇಯಿಸಿದ್ದು, ಆಮೇಲೆ ಏನಾಯಿತು: ಐದು ಕಾಲಮ್ಮು. ಒಂದು ನಿಯಮ: ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಅದೂ ಎರಡು ಚಮಚೆ. ಮಕ್ಕಳೇ, ಇದು ಪ್ರಯೋಗದ ಮೊದಲ ಪಾಠ. ಎರಡು ಸಂಗತಿಗಳನ್ನು ಒಟ್ಟಿಗೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಅವರ ವಹಿಯ ಸಾರಾಂಶ ಇಲ್ಲಿದೆ.

ಸಿಕ್ಕಿಕೊಳ್ಳುವವು: ಕೊಬ್ಬರಿ ಚೂರು, ಇಡೀ ಗೋಡಂಬಿ ಮತ್ತು ಶೇಂಗಾ, ಗೋವಿನಜೋಳ, ಮಳೆಗಾಲದ ಅಣಬೆ, ಅನಾನಸು, ಹಲಸಿನ ಎಳೆ, ಕಿತ್ತಳೆಯ ಬಿಳಿ ನಾರು, ಪೇರಲದ ಬೀಜ, ಟೊಮೇಟೊ ಸಿಪ್ಪೆ, ರಾಜಗಿರಿ ಸೊಪ್ಪಿನ ದಂಟು, ನುಗ್ಗೆ.

ಗಾಳಿ ತುಂಬುವವು: ಕೋಸು, ಹಸಿ ಉಳ್ಳಾಗಡ್ಡಿ, ಅಲಸಂದೆ, ಸೋಡಾ. ಗಾಳಿ ತುಂಬಿದರೂ ಚೀಲ ತುಂಬಿದಂತೆಯೇ, ಮತ್ತೆ ಮತ್ತೆ ನಳಿಕೆ ಹಾಕಬೇಕಾಗುತ್ತದೆ.

ಗಟ್ಟಿ ಮಾಡುವವು: ಅನ್ನ, ಬಾಳೆಹಣ್ಣು, ಬಟಾಟೆ, ಮೊಸರು. ತೀರಾ ತೆಳುವಾದಾಗ ಇವು ಬೇಕು. ತೀರಾ ಗಟ್ಟಿಯಾಗಿ ನಳಿಕೆಯಲ್ಲಿ ಇಳಿಯದಿದ್ದರೆ ದ್ರಾಕ್ಷಿ ರಸ, ಹೆಚ್ಚು ದ್ರವ.

ಹಿಡಿಸುವವು: ಮೆತ್ತಗಿನ ಅನ್ನ, ಮುಳ್ಳು ತೆಗೆದ ಬಂಗಡೆ ಮತ್ತು ಇಸವಣ ಮೀನು, ಮೊಟ್ಟೆ, ಹೆಸರುಬೇಳೆ ತೊವ್ವೆ, ಸಿಪ್ಪೆ ಬೀಜ ತೆಗೆದ ಹೀರೇಕಾಯಿ, ಮಾನಕುರಾದ ಮಾವಿನ ಸೋಸಿದ ಸೀಕರಣೆ.

ನನಗೆ ಬಹಳ ಹಿಡಿಸಿದ್ದು ವಹಿಯ ಕೊನೆಯ ಪುಟಗಳು. ಅಲ್ಲಿ 'ಬಿಡಬೇಕಾದವು' ಎಂಬ ಪಟ್ಟಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಹೋಗಿದೆ. ಕೊಬ್ಬರಿ ಬಿಟ್ಟರು, ತೆಂಗಿನ ಹಾಲು ಬಿಡಲಿಲ್ಲ. ಹಾಗಾಗಿ ಸೋಲಕಡಿ ಉಳಿಯಿತು, ಮೀನಿನ ಆಮಟಿ ಉಳಿಯಿತು. ಇಡೀ ಶೇಂಗಾ ಬಿಟ್ಟರು, ಹಿಟ್ಟಿನಂತೆ ಕುಟ್ಟಿದ ಶೇಂಗಾ ಚಟ್ನಿಯನ್ನು ಮೊಸರಿನಲ್ಲಿ ಕಲಸಿ ಒಂದು ಚಮಚೆ ತಿಂದು ನೋಡಿದರು, ಆಯಿತು. ಜೋಳದ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ, ನಿಧಾನವಾಗಿ ಅಗಿದು ತಿಂದರು, ಅದೂ ಆಯಿತು. "ರೊಟ್ಟಿ ಆಗ್ತೈತಿ ಅಂತ ಗೊತ್ತಾದ ದಿನ ಊರಿಗೆ ಹೋಗಿ ಬಂದಂಗ ಆತು" ಎಂದರು.

ಉಪ್ಪು, ಸಕ್ಕರೆ, ನೀರು

ಸಿಕ್ಕಿಕೊಳ್ಳುವುದಕ್ಕಿಂತ ಸದ್ದಿಲ್ಲದೆ ಬರುವ ಅಪಾಯ ಇನ್ನೊಂದಿದೆ: ನೀರು ಮತ್ತು ಉಪ್ಪು ಕಡಿಮೆಯಾಗುವುದು. ಉಳಿತಾಯ ಖಾತೆ ಇಲ್ಲವಲ್ಲ! ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ದ್ರವ ಚೀಲದ ಮೂಲಕ ಹೋಗುತ್ತದೆ, ಅದರ ಜೊತೆ ಸೋಡಿಯಂ ಕೂಡ. ಮೇ ತಿಂಗಳಲ್ಲಿ ಬೆವರೂ ಸೇರಿದರೆ ತಲೆ ತಿರುಗುವುದು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ಮೂತ್ರ ಕಡು ಹಳದಿಯಾಗುವುದು ಶುರು. ಹೀಗೇ ಬಹಳ ಕಾಲ ನಡೆದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

"ಎಳನೀರು ಕುಡದ್ರ ಆತಲ್ರೀ?" ಎಂದರು ಮಕ್ಕಳು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಚೀಲದವರು ಕಳೆದುಕೊಳ್ಳುವುದು ಮುಖ್ಯವಾಗಿ ಸೋಡಿಯಂ. ಬರೀ ನೀರು ಕುಡಿದರೂ ಆ ಕೊರತೆ ತುಂಬುವುದಿಲ್ಲ.

ಇಲ್ಲಿ ಸಹಾಯಕ್ಕೆ ಬರುವುದು ಓಆರ್‌ಎಸ್. ಸಣ್ಣಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಒಳಬಿಡುವ ಬಾಗಿಲುಗಳಿವೆ. ಎರಡೂ ಒಳಹೋದರೆ ನೀರು ಹಿಂದೆಯೇ ಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಣೆಯನ್ನು ವಿವರಿಸಿದರು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನೋಬಿಸ್ ಸಲಾಯಿನ್ ಮುಗಿದಾಗ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಈಗಿನ ಓಆರ್‌ಎಸ್ ಪೊಟ್ಟಣದಲ್ಲಿ 1 ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಒಟ್ಟು ಎಷ್ಟು, ಕೂಡಿಸಿ ನೋಡಿ.

ಗೋವಾದ ಮನೆಗಳಲ್ಲಿ ಬೆಳಗ್ಗೆ ಕುಡಿಯುವ ಉಪ್ಪು ಹಾಕಿದ ಪೇಜ್, ಅಂದರೆ ನಮ್ಮ ಗಂಜಿ, ಇದೇ ತತ್ತ್ವಕ್ಕೆ ಹತ್ತಿರದ್ದು. ಅಕ್ಕಿಯ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ, ಉಪ್ಪು ಜೊತೆಗಿದೆ. ಅಕ್ಕೋರ ಬೆಳಗು ಇವತ್ತಿಗೂ ಪೇಜ್‌ನಿಂದಲೇ.

ಇನ್ನೆರಡು ಮಾತು. ಬಿ12 ಜೀವಸತ್ವವನ್ನು ಹೀರುವುದು ಸಣ್ಣಕರುಳಿನ ಕೊನೆಯ ಭಾಗ. ಚೀಲ ಮಾಡಿರುವುದು ಆ ಭಾಗದಿಂದಲೇ. ಆದ್ದರಿಂದ ಇಂಥವರು ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಗಟ್ಟಿ ಹೊದಿಕೆಯ ಕೆಲವು ಮಾತ್ರೆಗಳು ಕರಗದೆ ಹಾಗೇ ಹೊರಬರಬಹುದು, ಹಾಗಾಗಿ ಔಷಧಿ ಬರೆಯುವ ಡಾಕ್ಟರಿಗೆ ಚೀಲದ ವಿಷಯ ಮೊದಲೇ ತಿಳಿಸಬೇಕು. ನಳಿಕೆ ಒಳಹೋಗದಿದ್ದರೆ, ಅಥವಾ ಹೋದರೂ ಏನೂ ಬಾರದೆ ಹೊಟ್ಟೆ ಉಬ್ಬಿ ನೋವಾದರೆ, ಬಲವಂತ ಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಕ್ಕೋರ ಪಟ್ಟಿ ಅಕ್ಕೋರದು. ಇನ್ನೊಬ್ಬರಿಗೆ ಹೊಂದುವ ಪಟ್ಟಿಯನ್ನು ಅವರೂ ಅವರ ಡಾಕ್ಟರೂ ಸೇರಿ ಮಾಡಬೇಕು.

ಬಟ್ಟಲು ವಾಪಸ್ ಹೋಗಲಿಲ್ಲ

ಅಕ್ಕೋರ ಮಾತು ಮುಗಿಯುವಾಗ ನಕ್ಕಿದ್ದ ಹುಡುಗರು ತಲೆ ತಗ್ಗಿಸಿದ್ದರು. ಅವರಲ್ಲೊಬ್ಬ ಎದ್ದು ನಿಂತು, "ಅಕ್ಕೋರೆ, ನಮ್ಮ ಕಾಕಾಗೂ ಹೊಟ್ಟಿ ಮ್ಯಾಲೆ ಚೀಲ ಐತ್ರಿ. ಯಾರಿಗೂ ಹೇಳಬ್ಯಾಡ ಅಂದಾರ. ಮದುವಿಗೆ ಕರದ್ರೂ ಎಲ್ಲೂ ಹೋಗಂಗಿಲ್ಲ" ಎಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಅವರ್ನ ನಮ್ಮ ಮನಿಗೆ ಕರಕೊಂಡು ಬಾ ತಮ್ಮಾ. ಪೇಜ್ ಕುಡಿಯೂಣು, ವಹಿ ತೋರಸ್ತೀನಿ" ಎಂದರು ಅಕ್ಕೋರು.

ಖತಖತೆ ತಂದಿದ್ದ ಹುಡುಗಿ ಅಷ್ಟರಲ್ಲಿ ಒಂದು ಕೆಲಸ ಮಾಡಿದ್ದಳು. ಬಟ್ಟಲಿನಿಂದ ಗೋವಿನಜೋಳ, ನುಗ್ಗೆ ಎಲ್ಲಾ ಎತ್ತಿಟ್ಟು, ಚಹಾ ಸೋಸುವ ಜಾಳಿಗೆಯಲ್ಲಿ ರಸವನ್ನು ಸೋಸಿ, ಬೆಂದ ಕುಂಬಳದ ಎರಡು ಹೋಳನ್ನು ಅದರಲ್ಲಿ ಮಸೆದು ತಂದಳು. ಅಕ್ಕೋರು ಈ ಸಲ ಬಟ್ಟಲು ತೆಗೆದುಕೊಂಡರು. ಉಂಡು, ಚೀಲದಿಂದ ವಹಿ ತೆಗೆದು ತಾರೀಕು ಹಾಕಿ ಬರೆದರು.

ಯೋಚಿಸಿ, ಉತ್ತರಿಸಿ

1. ಚೀಲ ತುಂಬಿದಷ್ಟೂ ಕಾಕ್ ಕವಾಟ ಬಿಗಿಯಾಗುವುದೇಕೆ? ಚಿತ್ರ ಬರೆದು ವಿವರಿಸಿ.
2. 24 ಫ್ರೆಂಚ್ ನಳಿಕೆಯ ಹೊರವ್ಯಾಸ ಎಷ್ಟು ಮಿಲಿಮೀಟರು?
3. ನಿಮ್ಮ ಮನೆಯ ಒಂದು ಅಡುಗೆಯನ್ನು ಆರಿಸಿ. ರುಚಿ ಕೆಡದಂತೆ ಅದನ್ನು ಅಕ್ಕೋರಿಗೆ ಹಿಡಿಸುವಂತೆ ಹೇಗೆ ಬದಲಿಸುವಿರಿ? ಅವ್ವನನ್ನೋ ಅಜ್ಜಿಯನ್ನೋ ಕೇಳಿ ಬರೆದು ತನ್ನಿ.